ಮಂಜು ಬರುವ ತಿಂಗಳು, ನೀರು ಬತ್ತುವ ತಿಂಗಳು

ಮಾರ್ಚ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಸುತ್ತಾಡತೊಡಗುತ್ತದೆ. ಬೋಳುಗುಡ್ಡದ ನೆತ್ತಿ, ಎರಡು ಕಂಬ, ನಡುವೆ ಮಂಜಿನಿಂದ ನೀರು ಹಿಡಿಯುವ ಕಪ್ಪು ಬಲೆ, ಬಲೆಯ ಕೆಳಗೊಂದು ದಂಬೆ, ದಂಬೆಯಿಂದ ಡ್ರಮ್ಮಿಗೆ ಇಳಿಯುವ ನೀರು. ಕರೆಂಟು ಬೇಡ, ಪಂಪು ಬೇಡ, ಬೋರ್‌ವೆಲ್ಲೂ ಬೇಡ. ನಮ್ಮ ರಾಣಿಪುರ, ಪೊಸಡಿಗುಂಪೆ ಬೆಟ್ಟಗಳಲ್ಲಿ ಇದು ಯಾಕಾಗಬಾರದು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬಾವಿಯ ತಳ ಕಾಣುವ ಹೊತ್ತಿನಲ್ಲಿ ಹಾಗೆ ಕೇಳುವುದು ಸಹಜ, ಕೇಳಿದವರನ್ನು ನಕ್ಕು ಸುಮ್ಮನಾಗಿಸುವುದು ಸರಿಯಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಲೆ ಕೆಲಸ ಮಾಡುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಕಾಸರಗೋಡಿನ ಗುಡ್ಡಗಳಿಗೆ ಮಂಜು ಕವಿಯುವುದು ಮನೆಯ ಮಾಡಿನಿಂದ ನೀರು ಸುರಿಯುವ ತಿಂಗಳುಗಳಲ್ಲಿ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ತಿಂಗಳುಗಳಲ್ಲಿ ಆಕಾಶ ಬಿಳಿಚಿಕೊಂಡಿರುತ್ತದೆ. ಬಲೆಯ ವಿನ್ಯಾಸ ಎಷ್ಟು ಸುಧಾರಿಸಿದರೂ ಈ ತಿಂಗಳ ಲೆಕ್ಕ ಬದಲಾಗುವುದಿಲ್ಲ. ಹಗುರವಾದ ಮಂಜುಬಲೆಗೆ ನಮ್ಮಲ್ಲಿ ಜಾಗವೇ ಇಲ್ಲವೆಂದು ಇದರ ಅರ್ಥವಲ್ಲ. ಅದರ ಜಾಗ ವಿಡಿಯೋ ತೋರಿಸುವ ಜಾಗವಲ್ಲ, ಅಷ್ಟೆ.

ಮಂಜೆಂದರೆ ನೆಲಕ್ಕೆ ತಾಗಿದ ಮೋಡ. ಅದರೊಳಗಿನ ಹನಿಗಳ ಅಡ್ಡಳತೆ ಸಾಮಾನ್ಯವಾಗಿ 1ರಿಂದ 40 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಮಳೆಹನಿಯ ಹಾಗೆ ಕೆಳಗೆ ಬೀಳುವಷ್ಟು ತೂಕ ಅವಕ್ಕಿಲ್ಲ, ಗಾಳಿ ಒಯ್ದಲ್ಲಿಗೆ ಹೋಗುತ್ತವೆ. ಒಂದು ಘನ ಮೀಟರ್ ಮಂಜಿನೊಳಗೆ ಇರುವ ನೀರಾದರೂ ಎಷ್ಟು? ಸಾಮಾನ್ಯವಾಗಿ 0.05ರಿಂದ 0.5 ಗ್ರಾಂ. ಇಷ್ಟು ತೆಳುವಾದ ನೀರನ್ನು ಕುಡಿಯುವ ಪ್ರಮಾಣಕ್ಕೆ ತರಬೇಕಾದರೆ ಭಾರೀ ಪ್ರಮಾಣದ ಗಾಳಿ ಬಲೆಯ ಮೂಲಕ ಹಾದುಹೋಗಬೇಕು. ಹಾಗಾಗಿ ಮಂಜುಬಲೆಗೆ ಮಂಜಿನಷ್ಟೇ ಗಾಳಿಯೂ ಮುಖ್ಯ.

ಒಂದು ಲೆಕ್ಕ ಹಾಕೋಣ. ಘನ ಮೀಟರಿಗೆ 0.2 ಗ್ರಾಂ ನೀರಿರುವ ಮಂಜು, ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ. ಒಂದು ಚದರ ಮೀಟರ್ ಬಲೆಯ ಎದುರು ಸೆಕೆಂಡಿಗೆ ಒಂದು ಗ್ರಾಂ, ಅಂದರೆ ಗಂಟೆಗೆ 3.6 ಲೀಟರ್ ನೀರು ಹಾದುಹೋಗುತ್ತದೆ. ಬಲೆ ಅದರಲ್ಲಿ ಐದನೇ ಒಂದು ಪಾಲು ಹಿಡಿದರೆ ಗಂಟೆಗೆ ಮುಕ್ಕಾಲು ಲೀಟರಿಗಿಂತ ತುಸು ಕಡಿಮೆ ಸಿಗುತ್ತದೆ. ಆರು ಗಂಟೆ ಮಂಜು ನಿಂತರೆ ನಾಲ್ಕು ಲೀಟರ್ ಚಿಲ್ಲರೆ. ಗಾಳಿ ನಿಂತರೆ ಇಳುವರಿಯೂ ನಿಂತಿತು. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಬೈಲುಗಳಲ್ಲಿ ತೋಟದ ಮೇಲೆ ಹಾಸಿಕೊಳ್ಳುವ ಮಂಜು ನೋಡುವುದಕ್ಕೆ ಎಷ್ಟೇ ದಟ್ಟವಿದ್ದರೂ ಬಲೆಗೆ ಉಪಯೋಗವಿಲ್ಲದಿರುವುದು ಇದರಿಂದಲೇ. ರಾತ್ರಿ ನೆಲ ತಣಿದು ಹುಟ್ಟುವ ಆ ಮಂಜು ಕದಲದ ಗಾಳಿಯಲ್ಲಿ ಮಾತ್ರ ಉಳಿಯುತ್ತದೆ, ಗಾಳಿ ಎದ್ದೊಡನೆ ಚದುರಿಹೋಗುತ್ತದೆ.

ಇಬ್ಬನಿಯ ವಿಷಯ ಬೇರೆ, ಅದನ್ನು ಇದರೊಂದಿಗೆ ಬೆರೆಸಬಾರದು. ಗುಜರಾತಿನ ಕಛ್ ಜಿಲ್ಲೆಯ ಕೊಠಾರಾದಲ್ಲಿ ಅಹಮದಾಬಾದಿನ ಐಐಎಂನ ಗಿರ್ಜಾ ಶರಣ್ ಅವರ ತಂಡ ತಣಿಯುವ ಹಾಳೆಗಳ ಮೇಲೆ ಇಬ್ಬನಿ ಹಿಡಿದು ತೋರಿಸಿತ್ತು. ಅಲ್ಲಿ ಹಾಳೆಯ ಮೇಲೆ ಆವಿ ನೀರಾಗುತ್ತದೆ, ಗಾಳಿ ಬೇಕಾಗಿಲ್ಲ. ಆದರೆ ಚದರ ಮೀಟರಿಗೆ ಒಂದು ರಾತ್ರಿಯಲ್ಲಿ ಅರ್ಧ ಲೀಟರ್ ಸಿಕ್ಕರೆ ಅದೇ ಒಳ್ಳೆಯ ರಾತ್ರಿ.

ಮಂಜುಬಲೆಗಳ ತವರು ಚಿಲಿ. ಅಲ್ಲಿನ ಎಲ್ ಟೊಫೊ ಬೆಟ್ಟದ ಮೇಲೆ 1987ರಲ್ಲಿ ಕೆನಡಾದ ನೆರವಿನಿಂದ ಬಲೆ ಕಟ್ಟುವುದು ಆರಂಭವಾಯಿತು. ಒಂದೊಂದು ಬಲೆಯೂ 48 ಚದರ ಮೀಟರ್. 1992ರಲ್ಲಿ ಕೆಳಗಿನ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಗೆ ಪೈಪಿನಲ್ಲಿ ನೀರು ಇಳಿಯಿತು. ಅಲ್ಲಿಯವರೆಗೆ ಲಾರಿಯಲ್ಲಿ ಬರುವ ನೀರನ್ನೇ ನಂಬಿದ್ದ ಊರದು. ಸರಾಸರಿ ಇಳುವರಿ ಚದರ ಮೀಟರಿಗೆ ದಿನಕ್ಕೆ 3 ಲೀಟರ್, ಎಲ್ಲ ಬಲೆ ಸೇರಿ ದಿನಕ್ಕೆ ಸುಮಾರು 15,000 ಲೀಟರ್. ಮೊರಾಕೋದ ಬೂತ್ಮೆಜ್ಗಿದಾ ಪರ್ವತದಲ್ಲಿ, 1225 ಮೀಟರ್ ಎತ್ತರದಲ್ಲಿ, ದಾರ್ ಸಿ ಹ್ಮಾದ್ ಎಂಬ ಸಂಸ್ಥೆ 2015ರಿಂದ ಸುತ್ತಲ ಹಳ್ಳಿಗಳಿಗೆ ಇದೇ ಬಗೆಯಲ್ಲಿ ನೀರು ಕೊಡುತ್ತಿದೆ. ತೀರ ಇತ್ತೀಚೆಗೆ, 2025ರ ಫೆಬ್ರವರಿಯಲ್ಲಿ, ಚಿಲಿಯ ಆಲ್ಟೊ ಹೊಸ್ಪಿಸಿಯೊ ನಗರದ ಬಗ್ಗೆ ಒಂದು ಅಧ್ಯಯನ ಹೊರಬಂತು. ಅಲ್ಲಿ ವರ್ಷಕ್ಕೆ ಒಂದು ಮಿಲಿಮೀಟರ್ ಮಳೆಯೂ ಇಲ್ಲ, ಕೊಳೆಗೇರಿಗಳಿಗೆ ಟ್ಯಾಂಕರೇ ಗತಿ. ಹತ್ತಿರದ ಬೆಟ್ಟಗಳಲ್ಲಿ ಅಳೆದಾಗ ಸರಾಸರಿ ಚದರ ಮೀಟರಿಗೆ ದಿನಕ್ಕೆ 2.5 ಲೀಟರ್ ಸಿಕ್ಕಿತು. 17,000 ಚದರ ಮೀಟರ್ ಬಲೆ ಕಟ್ಟಿದರೆ ಆ ಕೊಳೆಗೇರಿಗಳ ವಾರದ ಮೂರು ಲಕ್ಷ ಲೀಟರ್ ಬೇಡಿಕೆ ಪೂರೈಸಬಹುದು ಎಂಬುದು ಸಂಶೋಧಕರ ಲೆಕ್ಕ. ಆಮೇಲೆ ವಿಡಿಯೋಗಳ ಸುರಿಮಳೆಯಾದದ್ದಕ್ಕೆ ಈ ಸುದ್ದಿಯೂ ಒಂದು ಕಾರಣ ಇದ್ದೀತು.

ಈ ಊರುಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ತಣ್ಣನೆಯ ಸಾಗರ ಪ್ರವಾಹದ ಪಕ್ಕದ ಒಣ ಕರಾವಳಿಗಳು ಇವು. ಮೋಡ ಹುಟ್ಟುತ್ತದೆ, ತೇಲಿ ಬಂದು ಬೆಟ್ಟಕ್ಕೆ ಬಡಿಯುತ್ತದೆ, ಮಳೆಯಾಗಿ ಮಾತ್ರ ಸುರಿಯುವುದಿಲ್ಲ. ಬೇರೆ ನೀರಿಲ್ಲದ ಕಡೆ ಗಾಳಿಯಲ್ಲಿರುವ ಈ ಚೂರು ನೀರಿಗೂ ಬೆಲೆ ಬರುತ್ತದೆ. ಕಾಸರಗೋಡಿಗೆ ಬಂದು ಇದೇ ಲೆಕ್ಕವನ್ನು ಒಮ್ಮೆ ಬರೆದು ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ.

ನಮ್ಮ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 3500 ಮಿಲಿಮೀಟರ್. ಅಂದರೆ ಒಂದು ಚದರ ಮೀಟರ್ ಹಂಚಿನ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು 3500 ಲೀಟರ್. ಜಗತ್ತೇ ಮೆಚ್ಚಿದ ಚಿಲಿಯ ಬಲೆ ದಿನಕ್ಕೆ 3 ಲೀಟರಿನಂತೆ ವರ್ಷವಿಡೀ ಹಿಡಿದದ್ದು ಚದರ ಮೀಟರಿಗೆ 1100 ಲೀಟರ್ ಮಾತ್ರ. ನಮ್ಮ ಹಟ್ಟಿಯ ಮಾಡು, ಅದೂ ಯಾವ ವಿನ್ಯಾಸವೂ ಇಲ್ಲದೆ, ಆ ಬಲೆಯ ಮೂರು ಪಟ್ಟು ನೀರು ಹಿಡಿಯುತ್ತದೆ. ಐದು ಮಂದಿಯ ಮನೆಯಲ್ಲಿ ಕುಡಿಯಲು, ಅಡುಗೆಗೆ ಎಂದು ತಲೆಗೆ 5 ಲೀಟರ್ ಇಟ್ಟರೆ ದಿನಕ್ಕೆ 25 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಕ್ಕೆ 3000 ಲೀಟರ್. ಆ ಇಡೀ ಬೇಸಿಗೆಯ ಕುಡಿಯುವ ನೀರು ಒಂದು ಚದರ ಮೀಟರ್ ಮಾಡಿನ ಮೇಲೆ ಬಿದ್ದು ಹೋಗಿರುತ್ತದೆ. ಮೊದಲ ಮಳೆಯ ಕೊಳೆ, ಸೋರಿಕೆ, ತುಂಬಿ ಚೆಲ್ಲಿದ್ದು ಎಲ್ಲ ಕಳೆದರೂ ಎರಡು ಚದರ ಮೀಟರ್ ಧಾರಾಳ ಸಾಕು. ಜಲಜೀವನ ಮಿಷನ್ ಹೇಳುವ ತಲೆಗೆ 55 ಲೀಟರಿನ ಮಟ್ಟಕ್ಕೆ ಹೋದರೂ 33,000 ಲೀಟರ್. ಅದು ಹತ್ತು ಹದಿನೈದು ಚದರ ಮೀಟರ್ ಮಾಡಿನ ನೀರು.

ನೀರು ಹಿಡಿಯುವ ಸಾಧನದ ಕೊರತೆ ನಮಗಿಲ್ಲ ಎಂಬುದು ಇಷ್ಟಕ್ಕೇ ಗೊತ್ತಾಗುತ್ತದೆ. ಕೊರತೆ ಇರುವುದು ಇಟ್ಟುಕೊಳ್ಳುವ ಪಾತ್ರೆಯದ್ದು. ಮುರಕಲ್ಲಿನ ಪದವುಗಳ ಮೇಲೆ ಬಿದ್ದ ಮಳೆ ಇಂಗಿ, ಬಸಿದು, ಹಳ್ಳ ಹೊಳೆ ಸೇರಿ ಕಡಲಿಗೆ ಇಳಿದುಬಿಡುತ್ತದೆ. ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ ಎಂದು ಶಾಲೆಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡಿದ್ದೇವೆ. ಹೆಚ್ಚಿನವು ಗಿಡ್ಡ ಹೊಳೆಗಳು, ಬೇಸಿಗೆ ಏರುವ ಹೊತ್ತಿಗೆ ಹರಿವು ನೂಲಾಗಿರುತ್ತದೆ, ಕಡಲ ಉಪ್ಪುನೀರು ಒಳಕ್ಕೆ ಏರುತ್ತದೆ. ನಗರಕ್ಕೆ ನೀರು ಕೊಡುವ ಬಾವಿಕ್ಕರೆಯಲ್ಲಿ ಅಣೆಕಟ್ಟು ಆಗುವವರೆಗೂ ಬೇಸಿಗೆಯ ನಲ್ಲಿಯಲ್ಲಿ ಉಪ್ಪುನೀರು ಬಂದ ಕಥೆ ಕಾಸರಗೋಡಿನವರಿಗೆ ಹೊಸತಲ್ಲ.

ಇದನ್ನು ನಮ್ಮ ಹಿರಿಯರು ಚೆನ್ನಾಗಿ ತಿಳಿದಿದ್ದರು. ಎಣ್ಮಕಜೆ, ಪೈವಳಿಕೆ, ಬಾಯಾರು, ಪಡ್ರೆಯ ಗುಡ್ಡಗಳ ಒಡಲಿಗೆ ಕೊರೆದ ಸಾವಿರಾರು ಸುರಂಗಗಳು ಗುಡ್ಡವನ್ನೇ ಪಾತ್ರೆ ಮಾಡಿಕೊಂಡವು. ಒಬ್ಬ ಆಳು ಬಗ್ಗಿ ನಡೆಯುವಷ್ಟು ಅಗಲ, ಎತ್ತರ. ಕೆಲವು ಹತ್ತಾರು ಮೀಟರ್, ಕೆಲವು ನೂರಾರು ಮೀಟರ್ ಉದ್ದ. ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಇಳಿಯುತ್ತದೆ. ಕರೆಂಟಿಲ್ಲದೆ, ಪಂಪಿಲ್ಲದೆ ನೀರು ಎಂದು ವಿಡಿಯೋ ಹೊಗಳುವ ಗುಣವೆಲ್ಲ ಅದರಲ್ಲಿದೆ, ಸಾಲದ್ದಕ್ಕೆ ಅದು ಏಪ್ರಿಲಿನಲ್ಲೂ ಕೊಡುತ್ತದೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಮಳೆ ಹಿಂದೆ ಸರಿದ ಮೇಲೆ ತೋಡಿಗೆ ಅಡ್ಡ ಹಾಕುವ ಕಟ್ಟಗಳು, ಗುಡ್ಡದ ಬುಡದ ಮದಕಗಳು ಇದೇ ಯೋಚನೆಯ ಇನ್ನೆರಡು ರೂಪ. ಪಡ್ರೆಯವರೇ ಆದ ಜಲ ಪತ್ರಕರ್ತ ಶ್ರೀ ಪಡ್ರೆ ದಶಕಗಳಿಂದ ಬರೆಯುತ್ತ ಬಂದದ್ದೂ ಇದನ್ನೇ. ಬೋರ್‌ವೆಲ್ಲಿನ ಅಬ್ಬರದಲ್ಲಿ ಸುರಂಗಗಳು ಬತ್ತಿದವು, ಕೊರೆಯುವ ಕಸುಬು ಗೊತ್ತಿದ್ದವರು ವಯಸ್ಸಾದರು. ಸುರಂಗದ ಹೂಳು ತೆಗೆಸುವುದಕ್ಕೆ ಯಾರೂ ವಿಡಿಯೋ ಕಳಿಸುವುದಿಲ್ಲ, ಅದು ಹೊಸತಲ್ಲವಲ್ಲ.

ಹಾಗಾದರೆ ಬಲೆಯ ವಿನ್ಯಾಸದ ಮಾತೇಕೆ? ಯಾಕೆಂದರೆ ಮನೆಯ ಮಾಡು ಇಲ್ಲದ, ಟ್ಯಾಂಕು ಹೊತ್ತೊಯ್ಯಲಾಗದ, ಬಾವಿ ತೋಡಲಾಗದ ಜಾಗಗಳು ನಮ್ಮ ಸುತ್ತಲೂ ಇವೆ. ಅಲ್ಲಿಗೆ ಹಗುರವಾದದ್ದೇ ಬೇಕು. ಹಗುರ ಮಾಡುವ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವೂ ಅಲ್ಲ.

ಮೊದಲು ಬಲೆ. ಚಿಲಿಯಲ್ಲಿ ಬಳಸಿದ್ದು ರಾಶೆಲ್ ಎಂಬ ಹೆಣಿಗೆಯ ಪ್ಲಾಸ್ಟಿಕ್ ಬಲೆ, 35 ಶೇಕಡಾ ನೆರಳು ಕೊಡುವಂಥದ್ದು, ಎರಡು ಪದರ. ಅಡಕೆ ಸಸಿ, ಮೆಣಸಿನ ಬಳ್ಳಿ ಬೆಳೆಸುವ ನಮ್ಮ ನರ್ಸರಿಗಳ ಮೇಲೆ ಹೊದಿಸುವ ಶೇಡ್ ನೆಟ್ಟಿನ ದಾಯಾದಿ ಇದು. ನಮ್ಮ ಅಂಗಡಿಗಳಲ್ಲಿ ಹೆಚ್ಚು ಖರ್ಚಾಗುವ 50, 75 ಶೇಕಡಾ ನೆರಳಿನ ಬಲೆಯನ್ನೇ ಎರಡು ಪದರ ಕಟ್ಟಿದರೆ ಮಾತ್ರ ಕೆಟ್ಟಿತು. ಒತ್ತಾದ ಬಲೆ ಗೋಡೆಯಾಗುತ್ತದೆ, ಗಾಳಿ ಅದರ ಮೂಲಕ ಹಾಯುವ ಬದಲು ಸುತ್ತು ಹಾಕಿ ಹೋಗುತ್ತದೆ, ಮಂಜೂ ಅದರೊಂದಿಗೆ ಹೋಗುತ್ತದೆ. ತೀರ ಬಿಡಿಯಾದರೆ ಹನಿಗಳು ಯಾವುದಕ್ಕೂ ತಾಗದೆ ದಾಟುತ್ತವೆ. ಎರಡು ಪದರ ಯಾಕೆಂದರೆ ಗಾಳಿಗೆ ಅವು ಒಂದಕ್ಕೊಂದು ಉಜ್ಜಿ, ಕಣ್ಣುಗಳಲ್ಲಿ ಸಿಕ್ಕಿಕೊಂಡ ನೀರು ಕೆಳಗಿಳಿಯುತ್ತದೆ.

ಎಳೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಎಳೆಯ ಎದುರು ಗಾಳಿ ಮೊದಲೇ ಕವಲೊಡೆಯುತ್ತದೆ. ಹಗುರ ಹನಿಗಳು ಗಾಳಿಯ ಜತೆ ತಿರುಗಿಕೊಂಡು ತಪ್ಪಿಸಿಕೊಳ್ಳುತ್ತವೆ. ತೆಳು ಎಳೆಯ ಎದುರು ತಿರುಗಲು ಸಮಯ ಸಾಲದೆ ಹನಿ ಬಂದು ಬಡಿಯುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇದೇ: ಎಳೆ ತೆಳುವಾಗಿ, ಕಣ್ಣು ಸಣ್ಣದಾಗಿ, ಮೇಲೆ ನೀರು ಜಾರುವ ಲೇಪನವಿದ್ದರೆ ಸಾಮಾನ್ಯ ಬಲೆಗಿಂತ ಐದು ಪಟ್ಟು ಹೆಚ್ಚು ಹಿಡಿಯಬಹುದು. ವರ್ಜೀನಿಯಾ ಟೆಕ್‌ನವರು 2018ರಲ್ಲಿ ಅಡ್ಡ ಎಳೆಗಳನ್ನೇ ಕಿತ್ತುಹಾಕಿ, ವೀಣೆಯ ತಂತಿಗಳಂತೆ ಬರಿಯ ಲಂಬ ತಂತಿಗಳನ್ನು ಬಿಗಿದರು. ಹನಿ ಎಲ್ಲೂ ತಡೆಯಿಲ್ಲದೆ ಕೆಳಗೆ ಜಾರಿತು, ಪ್ರಯೋಗಾಲಯದಲ್ಲಿ ಮೂರು ಪಟ್ಟು ಇಳುವರಿ ಬಂತು. ಇವೆರಡೂ ಬುದ್ಧಿವಂತಿಕೆಯ ಕೆಲಸಗಳೇ. ಆದರೆ ಪ್ರಯೋಗಾಲಯದ ಮಂಜಿಗೆ ಧೂಳಿಲ್ಲ, ಪಾಚಿಯಿಲ್ಲ, ಆಟಿ ತಿಂಗಳ ಗಾಳಿಯಿಲ್ಲ. ಕೂದಲೆಳೆಯಂಥ ಉಕ್ಕಿನ ತಂತಿಯ ಮೇಲೆ ರಾಣಿಪುರದ ಒಂದು ಮಳೆಗಾಲ ಹಾದುಹೋಗಲಿ, ಆಮೇಲೆ ಮಾತಾಡೋಣ. ಆ ಎಂಐಟಿ ಲೇಪನದಲ್ಲಿದ್ದದ್ದು ಫ್ಲೋರಿನ್ ಸಂಯುಕ್ತ. ಅಂಥ ಸಂಯುಕ್ತಗಳು ಕುಡಿಯುವ ನೀರಿಗೆ ಸೇರುವ ಬಗ್ಗೆ ಜಗತ್ತೇ ತಲೆಬಿಸಿ ಮಾಡಿಕೊಂಡಿರುವಾಗ, ನಾನಾದರೆ ಸಾದಾ ಬಲೆಯನ್ನೇ ಇನ್ನೆರಡು ಚದರ ಮೀಟರ್ ಹೆಚ್ಚು ಕಟ್ಟುತ್ತೇನೆ.

ಬಲೆಯ ತೂಕ ದೊಡ್ಡ ವಿಷಯವೇ ಅಲ್ಲ, ಮಡಚಿ ಚೀಲಕ್ಕೆ ಹಾಕಬಹುದು. ಭಾರವಿರುವುದು ಅದನ್ನು ನಿಲ್ಲಿಸುವ ಕಂಬ, ತಂತಿ, ಅಡಿಪಾಯಗಳಲ್ಲಿ. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಎದುರಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು 24 ಕಿಲೋ ಭಾರದಷ್ಟು ಒತ್ತಡ ಹಾಕುತ್ತದೆ. 48 ಚದರ ಮೀಟರಿನ ಗೋಡೆಗಾದರೆ ಅದು ಒಂದು ಟನ್ನಿಗೂ ಮೇಲೆ. ಬಲೆಯಲ್ಲಿ ತೂತುಗಳಿರುವುದರಿಂದ ಅಷ್ಟೂ ಬೀಳುವುದಿಲ್ಲ. ಅರ್ಧ ಎಂದು ಹಿಡಿದರೂ ಐದಾರು ಕ್ವಿಂಟಲ್. ಗಾಳಿ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಮಂಜು ಚೆನ್ನಾಗಿ ಸಿಗುವ ನೆತ್ತಿಯೇ ಗಾಳಿಯೂ ಜೋರಾಗಿರುವ ನೆತ್ತಿ, ಅದೇ ಫಜೀತಿ. ಹೊತ್ತೊಯ್ಯಲು ಹಗುರ ಮಾಡಿದಷ್ಟೂ ಹಾರಿಹೋಗಲು ಸುಲಭ ಮಾಡಿದಂತೆ.

ಇದಕ್ಕೆ ಉಪಾಯಗಳಿವೆ. ಒಂದು ದೊಡ್ಡ ಬಲೆಯ ಬದಲು ನಾಲ್ಕು ನಾಲ್ಕು ಚದರ ಮೀಟರಿನ ಹಲವು ಸಣ್ಣ ಬಲೆ ಕಟ್ಟಬಹುದು. ಒಂದು ಹರಿದರೆ ಉಳಿದವು ಇರುತ್ತವೆ, ಇಬ್ಬರು ಹೊತ್ತು ಹತ್ತಬಹುದು. ಮೊರಾಕೋದಲ್ಲಿ ಈಗ ಇರುವ ಜರ್ಮನ್ ವಿನ್ಯಾಸದ ಬಲೆಗಳಲ್ಲಿ ಅಂಚುಗಳನ್ನು ರಬ್ಬರಿನಿಂದ ಬಿಗಿದಿದ್ದಾರೆ. ಗಾಳಿ ಬೀಸಿದಾಗ ಬಲೆ ಹಿಂದಕ್ಕೆ ಉಬ್ಬಿ ಕೊಡುತ್ತದೆ, ಕಂಬಕ್ಕೆ ಪೆಟ್ಟು ಬೀಳುವುದಿಲ್ಲ, ನೀರಿನ ದಂಬೆಯೂ ಬಲೆಯ ಜತೆಗೇ ಆಡುತ್ತದೆ. ಇನ್ನೂ ಅಗ್ಗದ ದಾರಿಯೆಂದರೆ, ಕಂಬಕ್ಕಿಂತ ಮೊದಲು ತುಂಡಾಗುವಂಥ ಹಗ್ಗದಿಂದ ಬಲೆಯನ್ನು ಕಟ್ಟುವುದು. ಬಿರುಗಾಳಿಗೆ ಹಗ್ಗ ಕಡಿಯುತ್ತದೆ, ಮರುದಿನ ಹತ್ತು ರೂಪಾಯಿಯ ಹಗ್ಗ ಕಟ್ಟಿದರಾಯಿತು. ಸಿಮೆಂಟು ಹೊರುವ ಅಗತ್ಯ ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಕಡಿಮೆ. ಕಲ್ಲಿಗೆ ತೂತು ಹೊಡೆದು ಸರಳು ಇಳಿಸಿ ಅದಕ್ಕೆ ಎಳೆಹಗ್ಗ ಬಿಗಿಯಬಹುದು.

ಕಂಬಕ್ಕೆ ಏನು? ಅಡಕೆ ತೋಟಗಳಿಗೆ ಕೊಯ್ಲಿಗೂ ಮದ್ದು ಬಿಡುವುದಕ್ಕೂ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ನೋಡಿದವರಿಗೆ ತಟ್ಟನೆ ಹೊಳೆಯುವ ಆಲೋಚನೆ ಒಂದಿದೆ. ಅಷ್ಟು ಹಗುರ, ಅಷ್ಟು ಉದ್ದ, ಒಂದರೊಳಗೊಂದು ಸೇರಿಸಿ ಮಡಚಬಹುದು. ನನಗೂ ಅದು ಇಷ್ಟವಾದದ್ದೇ. ಆದರೆ ದೋಟಿ ಮನುಷ್ಯನ ಕೈಯಲ್ಲಿ ನೆಟ್ಟಗೆ ನಿಂತು ಕೆಲಸ ಮಾಡಲು ಹುಟ್ಟಿದ್ದು. ರಾತ್ರಿಯಿಡೀ ಅಡ್ಡಕ್ಕೆ ಜಗ್ಗುವ ಗಾಳಿಗೆ ಒಡ್ಡಿದರೆ ಸೀಳಿ ಹೋದೀತು, ಬೆಲೆಯೂ ಕೈಸುಡುವಂಥದ್ದು. ಎಳೆಹಗ್ಗ ಚೆನ್ನಾಗಿ ಬಿಗಿದಿದ್ದರೆ ಒಂದೆರಡು ವರ್ಷಕ್ಕೆ ಬಿದಿರೇ ಸಾಕು, ನೀರು ಬರುತ್ತದೆಂದು ಖಾತ್ರಿಯಾದ ಮೇಲೆ ಜಿಐ ಪೈಪಿಗೆ ಹೋಗಬಹುದು. ಬಿದಿರನ್ನೇ ನೆಚ್ಚಿದ ಒಂದು ವಿನ್ಯಾಸ ಜಗತ್ತಿನ ಗಮನ ಸೆಳೆದದ್ದೂ ಉಂಟು: ಇಟಲಿಯ ವಾಸ್ತುಶಿಲ್ಪಿ ಆರ್ತುರೊ ವಿತ್ತೋರಿ ಇಥಿಯೋಪಿಯಾದ ದೋರ್ಜೆಯಲ್ಲಿ 2015ರಲ್ಲಿ ನಿಲ್ಲಿಸಿದ ವಾರ್ಕಾ ಗೋಪುರ. ನೋಡಲು ಬಲು ಚಂದ. ಅದರ ಇಳುವರಿಯೆಂದು ಹೇಳುವ ಅಂಕಿಯಲ್ಲಿ ಮಂಜು, ಇಬ್ಬನಿ, ಮಳೆ ಮೂರೂ ಕಲಸಿಕೊಂಡಿರುವುದು ಮಾತ್ರ ನನಗೆ ಹಿಡಿಸದು. ಮಳೆಯನ್ನೂ ಸೇರಿಸಿ ಲೆಕ್ಕ ಕೊಡುವುದಾದರೆ ನಮ್ಮ ಹಟ್ಟಿಯ ಮಾಡೂ ಸ್ಪರ್ಧೆಗೆ ಬರುತ್ತದೆ.

ಇನ್ನು ನಮ್ಮ ಊರಿನದ್ದೇ ಒಂದೆರಡು ತೊಡಕುಗಳನ್ನು ಯಾವ ವಿದೇಶಿ ಕೈಪಿಡಿಯೂ ಹೇಳುವುದಿಲ್ಲ. ಮಂಗಗಳಿಗೆ ಬಲೆ ಎಂದರೆ ಏಣಿ. ಕಾರಡ್ಕ, ಮುಳಿಯಾರು, ದೇಲಂಪಾಡಿಯ ಕಾಡಂಚಿನಲ್ಲಿ ಆನೆಗಳು ಸೌರಬೇಲಿಯನ್ನೇ ಲೆಕ್ಕಿಸುವುದಿಲ್ಲ, ನೀರು ತುಂಬಿದ ಡ್ರಮ್ಮನ್ನು ಅವು ಬಿಡುವುದುಂಟೆ? ಡ್ರಮ್ಮು ಬಲೆಯ ಬುಡದಲ್ಲಿರಬಾರದು, ಸಣ್ಣ ಪೈಪಿನಲ್ಲಿ ದೂರಕ್ಕೆ ಇಳಿಸಿ ಮುಚ್ಚಿಡಬೇಕು.

ಎರಡನೆಯದು ಮದ್ದು. ಅಡಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಬಿಡುವುದು ಮಳೆಗಾಲದಲ್ಲಿ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ. ಗುಡ್ಡಕ್ಕೆ ಮಂಜು ಏರುವುದೂ ಅದೇ ದಿನಗಳಲ್ಲಿ, ಅದೇ ತೋಟಗಳನ್ನು ದಾಟಿಕೊಂಡು. ಗಾಳಿಯಲ್ಲಿ ತೇಲುವ ಕೀಟನಾಶಕಗಳನ್ನು ಮಂಜಿನ ಹನಿಗಳು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ ಎಂಬುದು ಕ್ಯಾಲಿಫೋರ್ನಿಯಾದ ತೋಟಗಳಲ್ಲಿ 1980ರ ದಶಕದಲ್ಲೇ ಗೊತ್ತಾದ ಸಂಗತಿ. ಗೇರುತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆಲ ನಮ್ಮದು. ಗಾಳಿಗೆ ಬಿಟ್ಟದ್ದು ನೀರಿಗೆ ಇಳಿಯುತ್ತದೆ ಎಂದು ಸ್ವರ್ಗ, ಪಡ್ರೆ ಎಂಬ ಊರುಗಳ ಜನರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ತೋಟಗಳ ನಡುವಿನ ತಗ್ಗು ಗುಡ್ಡಗಳಲ್ಲಿ ಹಿಡಿದ ಮಂಜುನೀರನ್ನು ತಾಮ್ರದ ಅಂಶ ಪರೀಕ್ಷಿಸದೆ ಕುಡಿಯುವ ಪ್ರಶ್ನೆಯೇ ಇಲ್ಲ. ಐನೂರು ಮೀಟರಿಗೂ ತಗ್ಗಿನ ಪೊಸಡಿಗುಂಪೆಯನ್ನು ನಾನು ಪಟ್ಟಿಯಿಂದ ಕೈಬಿಡುವುದಕ್ಕೆ ಇದು ಒಂದು ಕಾರಣ. ಅಲ್ಲಿಂದ ಕಡಲು ಕಾಣುತ್ತದೆ, ಆದರೆ ಬೇಸಿಗೆಯ ಮೋಡ ಅಷ್ಟು ಕೆಳಗೆ ಇಳಿಯುವುದಿಲ್ಲ ಎನ್ನುವುದು ಇನ್ನೊಂದು ಕಾರಣ.

ರಾಣಿಪುರದ ಮಾತು ಸ್ವಲ್ಪ ಬೇರೆ. ಪನತ್ತಡಿ ಪಂಚಾಯತಿನ ಈ ಬೆಟ್ಟ ಸುಮಾರು ಸಾವಿರ ಮೀಟರ್ ಎತ್ತರ, ಆಚೆ ಬದಿಗೆ ನಮ್ಮ ತಲಕಾವೇರಿ ವನ್ಯಧಾಮದ ಕಾಡು. ನೆತ್ತಿಯ ಮೇಲೆ ಹುಲ್ಲುಗಾವಲು, ಮಡಿಲುಗಳಲ್ಲಿ ಶೋಲಾ ಎಂಬ ಬೆಟ್ಟದ ಕಾಡು. ಆ ಶೋಲಾ ಮರಗಳೇ ಅಲ್ಲಿನ ಮೊದಲ ಮಂಜುಬಲೆಗಳು. ಎಲೆ, ಪಾಚಿ, ಸೀತಾಳೆಗಳ ಮೇಲೆ ಹಿಡಿದ ಮಂಜು ಬುಡಕ್ಕೆ ತೊಟ್ಟಿಕ್ಕಿ ನೆಲಕ್ಕೆ ಇಂಗುತ್ತದೆ, ಕೆಳಗಿನ ತೊರೆಗಳಿಗೆ ಹೋಗುತ್ತದೆ. ಕ್ಯಾನರಿ ದ್ವೀಪಗಳ ಎಲ್ ಹಿಯರೊದಲ್ಲಿ ಹೀಗೆ ಮಂಜು ಹಿಡಿಯುತ್ತಿದ್ದ ಒಂದೇ ಮರದ ಕೆಳಗೆ ಜನ ತೊಟ್ಟಿ ತೋಡಿ ನೀರು ತುಂಬಿಕೊಳ್ಳುತ್ತಿದ್ದರು. 1610ರ ಬಿರುಗಾಳಿಗೆ ಆ ಮರ ಉರುಳಿತು. ಶೋಲಾ ಕಡಿದು ಅಲ್ಲಿ ಪ್ಲಾಸ್ಟಿಕ್ ಬಲೆ ಕಟ್ಟುವ ಯೋಜನೆ ಯಾರ ತಲೆಯಲ್ಲಾದರೂ ಇದ್ದರೆ, ದಯವಿಟ್ಟು ಅಲ್ಲಿಯೇ ಇರಲಿ.

ರಾಣಿಪುರದಲ್ಲಿ ಊರಿಗೆ ನೀರು ಕೊಡುವ ಮಟ್ಟದ ಬಲೆಗೆ ಅರ್ಥವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಜಿನ ಜತೆಗೇ ಮಳೆ ಇರುತ್ತದೆ. ಆದರೆ ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ಕಾಯುವ ಅರಣ್ಯ ಇಲಾಖೆಯ ಕಾವಲುಗಾರರಿಗೆ ನೆತ್ತಿಯಲ್ಲಿ ದಿನಕ್ಕೆ ಹತ್ತು ಲೀಟರ್ ಸಿಕ್ಕರೆ ಅಷ್ಟು ಹೊರೆ ಇಳಿಯಿತು. ಚಾರಣಿಗರ ಬಾಟಲಿಗಳೂ ಕಡಿಮೆಯಾದಾವು. ಏಪ್ರಿಲ್ ಕೊನೆಯಿಂದ ಮೇ ಕೊನೆಯ ಪತ್ತನಾಜೆಯವರೆಗೆ, ಮಳೆಗೆ ಮುಂಚಿನ ಮೋಡಗಳು ಸಂಜೆ ಹೊತ್ತು ಬೆಟ್ಟಕ್ಕೆ ಒರಗುವ ದಿನಗಳಲ್ಲಿ, ಹತ್ತು ಚದರ ಮೀಟರ್ ಬಲೆ ಅಷ್ಟನ್ನು ಕೊಡುವ ಸಾಧ್ಯತೆ ಇದೆ. ಸಾಧ್ಯತೆ ಮಾತ್ರ.

ನನ್ನ ಆಸೆ ಹೆಚ್ಚು ಇರುವುದು ಗಡಿಯ ಇನ್ನೊಂದು ತುದಿಯಲ್ಲಿ, ಕನ್ನಡದ ಜನ ತಮಿಳುನಾಡಿನೊಳಗೆ ಉಳಿದ ಬೆಟ್ಟಗಳಲ್ಲಿ. ಈರೋಡು ಜಿಲ್ಲೆಯ ತಾಳವಾಡಿಯ ಸುತ್ತಲ ಹಳ್ಳಿಗಳು, ಕೆಂಪು ಮೈಗೆ ಬಿಳಿ ಮಚ್ಚೆಯ ದನಗಳಿಗೆ ಹೆಸರಾದ ಬರಗೂರು ಬೆಟ್ಟ, ಇಪ್ಪತ್ತೇಳು ತಿರುವುಗಳ ಘಾಟಿ ಹತ್ತಿ ಸಿಗುವ ದಿಂಬಂ. ಮೈಸೂರು ಪ್ರಸ್ಥಭೂಮಿಯನ್ನು ದಾಟಿ ಬರುವ ನೈಋತ್ಯ ಗಾಳಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಳೆಯನ್ನೆಲ್ಲ ಪಶ್ಚಿಮ ಘಟ್ಟದಲ್ಲಿ ಕಳೆದುಕೊಂಡಿರುತ್ತದೆ. ಗಾಳಿ ಉಳಿದಿರುತ್ತದೆ, ಮೋಡದ ಚೂರುಗಳೂ ಉಳಿದಿರುತ್ತವೆ. ಜೂನ್, ಜುಲೈಯಲ್ಲಿ ನಾವು ಕೊಡೆ ಮಡಚದಿರುವಾಗ ಅಲ್ಲಿನ ನೆತ್ತಿಗಳ ಮೇಲೆ ಮೋಡ ಉಜ್ಜಿಕೊಂಡು ಹೋಗುತ್ತದೆ, ನೆಲ ಸರಿಯಾಗಿ ತೋಯುವ ಮಳೆ ಬರುವುದು ಸೆಪ್ಟೆಂಬರಿನ ನಂತರ. ಬೆಟ್ಟಕ್ಕೆ 'ಮೋಡ ಇದೆ, ಮಳೆ ಇಲ್ಲ' ಎನ್ನುವ ತಿಂಗಳುಗಳು ಉಂಟು ಎಂದರೆ ಚಿಲಿಯ ಲೆಕ್ಕಕ್ಕೆ ಒಂದು ಹೆಜ್ಜೆ ಹತ್ತಿರ ಬಂದಂತೆ. ಬುಡಕಟ್ಟು ಜನರ ಹಾಡಿಗಳು ಚದುರಿವೆ, ಪೈಪು ಎಳೆಯುವುದು ಹುಲಿ ಸಂರಕ್ಷಿತ ಕಾಡಿನೊಳಗೆ ಸುಲಭವಲ್ಲ, ಬೋರ್‌ವೆಲ್ ಲಾರಿ ಹತ್ತದ ದಾರಿಗಳಿವೆ. ಹೊತ್ತೊಯ್ಯಬಹುದಾದ ಬಲೆ ಎಂಬ ಮಾತಿಗೆ ಅಲ್ಲಿ ನಿಜವಾದ ತೂಕವಿದೆ.

ಅಲ್ಲಿಯೂ ಚಿಲಿಯ ಚುಂಗುಂಗೊದ ಉಳಿದರ್ಧ ಕಥೆಯನ್ನು ಓದಿಕೊಂಡೇ ಹೋಗಬೇಕು. ವಿಡಿಯೋಗಳು ಆ ಅರ್ಧವನ್ನು ಹೇಳುವುದಿಲ್ಲ. ನೀರು ಬಂದ ಮೇಲೆ ಹಳ್ಳಿ ಬೆಳೆಯಿತು, ಬೇಡಿಕೆ ಏರಿತು, ಬಲೆಗಳು ಏರಲಿಲ್ಲ. ಬೆಟ್ಟ ಹತ್ತಿ ಹರಿದ ಬಲೆ ಹೊಲಿಯುವವರು ಯಾರು ಎಂಬುದು ಇತ್ಯರ್ಥವಾಗಲಿಲ್ಲ. ಹತ್ತು ವರ್ಷ ಚೆನ್ನಾಗಿ ನಡೆದ ವ್ಯವಸ್ಥೆ 2002ರ ಹೊತ್ತಿಗೆ ಪಾಳು ಬಿದ್ದಿತು, ಲಾರಿ ನೀರು ಮತ್ತೆ ಬಂತು. ತಂತ್ರ ಸೋತದ್ದಲ್ಲ, ಒಡೆತನ ಯಾರದ್ದೆಂದು ಗೊತ್ತಾಗದೆ ಸೋತದ್ದು. ಸುರಂಗಗಳು ತಲೆಮಾರುಗಟ್ಟಲೆ ಬಾಳಿದ್ದರಲ್ಲಿ ಅವು ಒಂದೊಂದು ಮನೆಯ ಸೊತ್ತಾಗಿದ್ದದ್ದೂ ಒಂದು ಗುಟ್ಟು. ಮೊರಾಕೋದಲ್ಲಿ ನೀರು ಹೊರುತ್ತಿದ್ದ ಹೆಂಗಸರನ್ನೇ ವ್ಯವಸ್ಥೆಯೊಳಗೆ ತಂದದ್ದು ಬಲೆಯ ಹೆಣಿಗೆಗಿಂತ ಮುಖ್ಯವಾದ ವಿನ್ಯಾಸ ಎಂದು ನಾನು ತಿಳಿಯುತ್ತೇನೆ.

ಹಾಗಾಗಿ ಈಗ ಮಾಡಬಹುದಾದ ಕೆಲಸ ಸಣ್ಣದು. ಮಂಜುನೀರಿನ ಸಂಶೋಧಕರಾದ ರಾಬರ್ಟ್ ಶೆಮೆನೋವರ್ ಮತ್ತು ಪಿಲಾರ್ ಸೆರೆಸೆಡಾ 1994ರಲ್ಲಿ ಒಂದು ಅಳತೆಚೌಕಟ್ಟನ್ನು ಗೊತ್ತುಪಡಿಸಿದರು: ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಬಲೆ, ಕೆಳ ಅಂಚು ನೆಲದಿಂದ ಎರಡು ಮೀಟರ್ ಮೇಲೆ, ಕೆಳಗೊಂದು ದಂಬೆ, ಒಂದು ಅಳತೆಪಾತ್ರೆ. ಜಗತ್ತಿನಲ್ಲಿ ಎಲ್ಲೇ ಬಲೆ ಕಟ್ಟುವ ಮೊದಲೂ ಇದನ್ನು ನೆಟ್ಟು ನೋಡುತ್ತಾರೆ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ, ಅರಣ್ಯ ಇಲಾಖೆ ಅನುಮತಿ ಕೊಟ್ಟರೆ, ರಾಣಿಪುರದಲ್ಲಿ ಒಂದು, ದಿಂಬಂ ಸುತ್ತಿನ ನೆತ್ತಿಯಲ್ಲಿ ಒಂದು ನೆಡುವುದಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಪಕ್ಕದಲ್ಲಿ ಮಳೆಮಾಪಕವೂ ಗಾಳಿ ಅಳೆಯುವ ಸಾಧನವೂ ಕಡ್ಡಾಯವಾಗಿ ಇರಬೇಕು. ಇಲ್ಲವಾದರೆ ನಮ್ಮಲ್ಲಿ ಬಲೆಗೆ ಓರೆಯಾಗಿ ಬಡಿದ ಮಳೆಯೇ ಮಂಜಿನ ಹೆಸರಿನಲ್ಲಿ ಲೆಕ್ಕಕ್ಕೆ ಹೋಗುತ್ತದೆ. ಅಳತೆ ಒಂದು ಪೂರ್ಣ ವರ್ಷ ನಡೆಯಬೇಕು, ಮಳೆಗಾಲದ ಸಂಭ್ರಮದ ಮೂರು ತಿಂಗಳಲ್ಲ.

ಬಂದ ಅಂಕಿಯನ್ನು ನೋಡುವ ಬಗೆಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಮಳೆಯಿಲ್ಲದ ದಿನಗಳ ನೀರನ್ನು ಮಾತ್ರ ಕೂಡಿಸಿ, ಆಯಾ ಊರಿನ ನೀರಿನ ಬರದ ತಿಂಗಳುಗಳಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ ಒಂದು ಲೀಟರಿಗಿಂತ ಕಡಿಮೆ ಬಂದರೆ ಆ ಜಾಗವನ್ನು ಕೈಬಿಡಬೇಕು. ಎರಡು ಲೀಟರ್ ದಾಟಿದರೆ ಹತ್ತಿರದ ಮನೆಗಳವರನ್ನು ಕೂರಿಸಿ, ಬಲೆ ಯಾರ ಹೆಸರಲ್ಲಿ ಇರಬೇಕು, ಹರಿದಾಗ ಯಾರು ಹತ್ತಬೇಕು ಎಂದು ಕೇಳಬೇಕು. ನಡುವೆ ಬಂದರೆ ಇನ್ನೊಂದು ವರ್ಷ ಅಳೆಯಬೇಕು. ಆ ವರ್ಷಕ್ಕೆಂದು ಇಟ್ಟ ದುಡ್ಡಿನಲ್ಲಿ ಉಳಿದದ್ದಿದ್ದರೆ ಎಣ್ಮಕಜೆಯಲ್ಲಿ ಹೂಳು ತುಂಬಿದ ಸುರಂಗಗಳು ಎಷ್ಟು ಬೇಕಾದರೂ ಇವೆ.